25 ಕೆಜಿ ಅಲ್ಯುಮಿನಾ ಚೀಲ: ಪುಡಿಗೆ ಫುಲ್ ಮಾರ್ಕ್ಸ್, ಕಾಳಿಗೆ ಇಲ್ಲ

ಸೀಲ್ ರಿಂಗು, ಇನ್ಸುಲೇಟರ್ ಬಿಲ್ಲೆ ಒತ್ತುವವರಿಗೆ ಮಾತ್ರ ಈ ರಿವ್ಯೂ. ಇದು ಬೈಂಡರ್ (ಕಣಗಳನ್ನು ಹಿಡಿದಿಡುವ ಅಂಟು) ಸೇರಿಸಿಯೇ ಕೊಡುವ, ನೇರ ಪ್ರೆಸ್ಸಿಗೆ ಸುರಿಯುವ ಸ್ಪ್ರೇ ಡ್ರೈ ಅಲ್ಯುಮಿನಾ, ಅಂದರೆ ಸಿಂಪಡಿಸಿ ಒಣಗಿಸಿ ಕಾಳು ಮಾಡಿದ ಅಲ್ಯುಮಿನಿಯಂ ಆಕ್ಸೈಡ್ ಸೆರಾಮಿಕ್ ಪುಡಿ. ಕಂಪನಿ ಹೆಸರು ಬೇಡ ಬಿಡಿ. ಚೀಲದ ಮೇಲೆ ದೊಡ್ಡದಾಗಿ ಶುದ್ಧತೆ 99.7% ಅಂತ ಇದೆ, ಎಲ್ಲರೂ ಅದನ್ನೇ ನೋಡಿ ದುಡ್ಡು ಕೊಡುತ್ತೇವೆ, ಅಲ್ವಾ?

ಪುಡಿ ನಿಜಕ್ಕೂ ಚೆನ್ನಾಗಿದೆ. ಸರಾಸರಿ ಕಣ 0.5 ಮೈಕ್ರಾನ್ ಆಸುಪಾಸು, ಸೋಡಾ (ಸೋಡಿಯಂ ಆಕ್ಸೈಡ್ ಕಲ್ಮಶ) ಕಡಿಮೆ, ಚಿಟಿಕೆ ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಇದೆ. 1600 ಡಿಗ್ರಿಗೆ ಸುಟ್ಟರೆ ಸಲೀಸಾಗಿ 3.9 ಗ್ರಾಂ/ಸಿಸಿ ಸಾಂದ್ರತೆ ಬರುತ್ತದೆ. ಒಂದೂ ರಂಧ್ರ ಇಲ್ಲದಿದ್ದರೂ ಅದು 3.98 ದಾಟುವುದಿಲ್ಲ, ಹಾಗಾಗಿ ಇದು ಒಳ್ಳೆಯ ಅಂಕವೇ. ದಪ್ಪ ಕಣದ ಅಗ್ಗದ ಪುಡಿಯಲ್ಲಿ ಬಿಸಿ ಇನ್ನೂ ಏರಿಸಬೇಕು, ಆಗ ಕರೆಂಟ್ ಬಿಲ್ಲಿನ ಜೊತೆ ಒಳಗಿನ ಹರಳುಗಳೂ ಬೆಳೆದು ಮಾಲು ಬೇಗ ಒಡೆಯುತ್ತದೆ. ಮೆಗ್ನೀಷಿಯಾ ಹಾಕುವುದೇ ಆ ಹರಳುಗಳು ಅಡ್ಡಾದಿಡ್ಡಿ ಬೆಳೆಯದಿರಲಿ ಅಂತ.

ತೊಂದರೆ ಇರುವುದು ಕಾಳಿನಲ್ಲಿ. ಇಷ್ಟು ನಯವಾದ ಪುಡಿ ಮೈದಾದಂತೆ ಅಂಟಿಕೊಂಡು ಡೈಗೆ (ಒತ್ತುವ ಅಚ್ಚಿಗೆ) ಇಳಿಯುವುದೇ ಇಲ್ಲ, ಅದಕ್ಕೇ ಬೈಂಡರ್ ಜೊತೆ ನೀರಲ್ಲಿ ಕಲಸಿ, ಬಿಸಿಗಾಳಿಗೆ ಸಿಂಪಡಿಸಿ, ಸಣ್ಣ ದುಂಡು ಕಾಳು ಮಾಡುತ್ತಾರೆ. ಈ ಕಾಳು ಡೈಗೆ ಜಾರಬೇಕು, ಒತ್ತಿದರೆ ಪುಡಿಯಾಗಬೇಕು. ಇವರದು ಜಾರುತ್ತದೆ. ಪುಡಿಯಾಗುವುದಿಲ್ಲ. 100 ಮೆಗಾಪ್ಯಾಸ್ಕಲ್‌ನಲ್ಲಿ ಒತ್ತಿದ ಹಸಿ (ಇನ್ನೂ ಸುಡದ) ಬಿಲ್ಲೆಯನ್ನು ಮುರಿದು ಮೈಕ್ರೋಸ್ಕೋಪಿನಲ್ಲಿ ನೋಡಿ, ಕಾಳುಗಳು ಹಾಗೇ ದುಂಡಗೆ ಕೂತಿರುತ್ತವೆ. ಕಣಗಳ ನಡುವಿನ ಸಣ್ಣ ರಂಧ್ರ ಭಟ್ಟಿಯಲ್ಲಿ ಮುಚ್ಚುತ್ತದೆ, ಕಾಳುಗಳ ನಡುವಿನ ದೊಡ್ಡ ಸಂದಿ ಮುಚ್ಚುವುದಿಲ್ಲ. ಸಾಂದ್ರತೆ ಅಳೆದರೆ ಇದು ಗೊತ್ತೇ ಆಗದು, ಬಲ ಪರೀಕ್ಷೆ ಮಾಡಿದಾಗ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಬೈಂಡರ್ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್), ಗಾಳಿ ಒಣಗಿದರೆ ಬಿರುಸಾಗುತ್ತದೆ. ತೆರೆದ ಚೀಲವನ್ನು ಸ್ವಲ್ಪ ತೇವದ ಕೋಣೆಯಲ್ಲಿಟ್ಟು ಒತ್ತಿದರೆ ಪರವಾಗಿಲ್ಲ, ತೇವ ಅತಿಯಾದರೆ ಡೈಯೊಳಗೆ ಒತ್ತುವ ಪಂಚಿಗೆ ಅಂಟುತ್ತದೆ.

ಸಿಟ್ಟು ಬರಿಸಿದ್ದು ಲಾಟಿನಿಂದ ಲಾಟಿಗೆ (ಒಂದು ಸಲ ತಯಾರಾದ ಮಾಲಿನಿಂದ ಇನ್ನೊಂದಕ್ಕೆ) ಇರುವ ವ್ಯತ್ಯಾಸ. ಅದೇ ಒತ್ತಡ, ಅದೇ ಡೈ. ಬೈಂಡರ್ ತೂಕ ಕಳೆದರೆ ಹಸಿ ಸಾಂದ್ರತೆ ಒಂದರಲ್ಲಿ 2.25, ಇನ್ನೊಂದರಲ್ಲಿ 2.15. ಕೇಳೋಕೆ ಏನೂ ಅಲ್ಲ. ಆದರೆ ಎರಡನ್ನೂ 3.9ಕ್ಕೆ ಸುಟ್ಟರೆ 60 ಮಿಮೀ ಬಿಲ್ಲೆ ಮೊದಲನೆಯದರಲ್ಲಿ ಹತ್ತಿರ ಹತ್ತಿರ 50ಕ್ಕೆ, ಎರಡನೆಯದರಲ್ಲಿ 49.2ಕ್ಕೆ ನಿಲ್ಲುತ್ತದೆ. ದೊಡ್ಡದಾಗಿದ್ದರೆ ವಜ್ರದ ಚಕ್ರದಲ್ಲಿ ಉಜ್ಜಬಹುದಿತ್ತು, ಚಿಕ್ಕದಾದ ಮೇಲೆ ಗುಜರಿಗೇ. ಸಪ್ಲೈಯರಿಗೆ ಫೋನ್ ಮಾಡಿದರೆ ಮತ್ತೆ ಅದೇ 99.7 ಹೇಳುತ್ತಾರೆ!

ದಪ್ಪ ಗೋಡೆಯ, ಅಳತೆ ಅಷ್ಟು ಬಿಗಿ ಇಲ್ಲದ ಮಾಲಿಗೆ ತಗೊಳ್ಳಿ. ತೆಳು ಪ್ಲೇಟಿಗೆ ಬೇಡ. ಇದೇ ಪುಡಿಯನ್ನು ಕಾಳು ಮಾಡದೆ, ಬೈಂಡರ್ ಇಲ್ಲದೆ ಮಾರಿದರೆ ನೀರಲ್ಲಿ ಕದಡಿ ಅಚ್ಚಿಗೆ ಸುರಿಯುವ ಸ್ಲಿಪ್ ಕಾಸ್ಟಿಂಗ್‌ಗೆ ನಾನೇ ಕಣ್ಣುಮುಚ್ಚಿ ಕೊಳ್ಳುತ್ತೇನೆ. ಸದ್ಯಕ್ಕೆ ಐದಕ್ಕೆ ಮೂರು ಸ್ಟಾರ್, ಅದೂ ಪುಡಿಗಾಗಿ. ಆರ್ಡರ್ ಮಾಡುವ ಮುಂಚೆ ಆ ಲಾಟಿನ ಹಸಿ ಸಾಂದ್ರತೆ, ತೇವಾಂಶ ಬರೆದುಕೊಡಿ ಅಂತ ಕೇಳಿ. ಕೊಡದಿದ್ದರೆ ಸ್ಯಾಂಪಲ್ ತರಿಸಿ ನೀವೇ ಒತ್ತಿ, ಮುರಿದು ನೋಡಿ.