ತಂದೆಯವರ ಫೋನಿನಿಂದ 31 ಆ್ಯಪ್ ತೆಗೆದ ಮೇಲೆ: ಯೂನಿವರ್ಸಲ್ ಆಂಡ್ರಾಯ್ಡ್ ಡಿಬ್ಲೋಟರ್ ಬಳಸಿ ನೋಡಿದ ಅನುಭವ

ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ತಂದೆಯವರು ಬಳಸುವ ಫೋನಿಗೆ ಮೂರು ವರ್ಷವಾಗಿದೆ. 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಇರುವ ಸಾಧಾರಣ ಫೋನ್ ಅದು. ಕರೆ, ವಾಟ್ಸ್‌ಆ್ಯಪ್, ಅಡಿಕೆ ಧಾರಣೆ, ಬ್ಯಾಂಕಿನ ಲೆಕ್ಕ, ರಾತ್ರಿ ಊಟದ ಬಳಿಕ ಸ್ವಲ್ಪ ಹೊತ್ತು ಯಕ್ಷಗಾನ, ಇಷ್ಟೇ ಅವರ ಬಳಕೆ. ಆದರೆ ಫೋನ್ ಕೈಗೆತ್ತಿಕೊಂಡಾಗಲೆಲ್ಲ ಲಾಕ್ ಪರದೆಯ ಮೇಲೊಂದು ಚಿತ್ರ, ಅದನ್ನು ತಪ್ಪಿ ಮುಟ್ಟಿದರೆ ಒಂದು ಜಾಹೀರಾತು, ಅದರಿಂದ ಹೊರಬರುವಷ್ಟರಲ್ಲಿ ಯಾವುದೋ ಆಟವನ್ನು ಹಾಕಿಕೊಳ್ಳಿ ಎಂಬ ಸೂಚನೆ. ಫೋನಿನ ಭಾಷೆ ಕನ್ನಡದಲ್ಲೇ ಇದ್ದರೂ ನಾವಿರುವುದು ಕೇರಳದಲ್ಲಾದ್ದರಿಂದ ಸುದ್ದಿಯ ಸೂಚನೆಗಳು ಮಲಯಾಳದಲ್ಲಿ ಬರುತ್ತಿದ್ದವು. ನಮ್ಮ ಕಡೆಯ ಹಿರಿಯರಲ್ಲಿ ಅನೇಕರಂತೆ ತಂದೆಯವರಿಗೆ ಮಲಯಾಳ ಮಾತು ಚೆನ್ನಾಗಿ ಬರುತ್ತದೆ, ಲಿಪಿ ಬಾರದು. ಓದಲಾಗದ ಸೂಚನೆಯ ಕೆಳಗಿರುವ ಎರಡು ಗುಂಡಿಗಳಲ್ಲಿ ಯಾವುದು ‘ಆಗಲಿ’, ಯಾವುದು ‘ಬೇಡ’ ಎಂದು ತಿಳಿಯದೆ ಅವರು ಒತ್ತಿದ್ದಕ್ಕೆಲ್ಲ ಫೋನಿನಲ್ಲಿ ಹೊಸದೊಂದು ಆ್ಯಪ್ ಬಂದು ಕೂರುತ್ತಿತ್ತು. ಬ್ಯಾಂಕಿನ ಆ್ಯಪ್ ಇರುವ ಫೋನಿನಲ್ಲಿ ಹೀಗಾಗುವುದನ್ನು ಸುಮ್ಮನೆ ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ.

ಸೆಟ್ಟಿಂಗ್ಸ್‌ಗೆ ಹೋಗಿ ತೆಗೆಯಬಹುದಾದುದನ್ನೆಲ್ಲ ತೆಗೆದೆ, ನಿಷ್ಕ್ರಿಯಗೊಳಿಸಬಹುದಾದುದನ್ನು ನಿಷ್ಕ್ರಿಯಗೊಳಿಸಿದೆ. ಯಾರೇ ಆದರೂ ಮೊದಲು ಮಾಡಬೇಕಾದುದು ಇದನ್ನೇ. ಇದಕ್ಕೆ ಕಂಪ್ಯೂಟರ್ ಬೇಡ, ಅಪಾಯವೂ ಇಲ್ಲ. ಆದರೆ ಫೋನ್ ತಯಾರಿಸಿದ ಕಂಪನಿಯೇ ಸೇರಿಸಿದ ಆ್ಯಪ್‌ಗಳ ಪುಟದಲ್ಲಿ ತೆಗೆಯುವ ಮತ್ತು ನಿಷ್ಕ್ರಿಯಗೊಳಿಸುವ ಗುಂಡಿಗಳು ಒಂದೋ ಇರಲಿಲ್ಲ, ಇಲ್ಲವೇ ಮಸುಕಾಗಿ ಒತ್ತಲು ಬಾರದಂತಿದ್ದವು. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದಾಗ ಫೋನನ್ನು ರೂಟ್ ಮಾಡಿ, ಅಂದರೆ ಅದರ ಪೂರ್ಣ ಹಿಡಿತ ಪಡೆದು, ಬೇರೆ ರಾಮ್ (ROM, ಫೋನನ್ನು ನಡೆಸುವ ಮೂಲ ತಂತ್ರಾಂಶ) ಹಾಕಿಕೊಡುತ್ತೇನೆ ಎಂದರು. ಹಾಗೆ ಮಾಡಲು ಫೋನನ್ನು ಶುರು ಮಾಡುವ ಬೂಟ್‌ಲೋಡರ್ ಎಂಬುದರ ಬೀಗ ಬಿಚ್ಚಬೇಕಾಗುತ್ತದೆ, ಬಿಚ್ಚುವಾಗ ಫೋನಿನೊಳಗಿನ ಮಾಹಿತಿ ಪೂರ್ತಿ ಅಳಿಯುತ್ತದೆ, ಆಮೇಲೆ ಬ್ಯಾಂಕಿನ ಹಲವು ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ಎಪ್ಪತ್ತು ದಾಟಿದವರ ಫೋನಿಗೆ ಅದು ಸಲ್ಲದೆಂದು ತೋರಿತು. ಹೀಗೆ ಹುಡುಕುತ್ತಾ ನಾನು ತಲುಪಿದ್ದು, ಫೋನಿನಿಂದ ಬೇಡದ ಆ್ಯಪ್‌ಗಳನ್ನು ತೆಗೆಯುವ ಯೂನಿವರ್ಸಲ್ ಆಂಡ್ರಾಯ್ಡ್ ಡಿಬ್ಲೋಟರ್ ಎಂಬ ತಂತ್ರಾಂಶಕ್ಕೆ. ಈಗ ಬಳಕೆಯಲ್ಲಿರುವುದು ಅದರ ‘ನೆಕ್ಸ್ಟ್ ಜನರೇಷನ್’ ಎಂಬ ರೂಪ. ಮೂಲ ಯೋಜನೆಯ ಕೆಲಸ ನಿಂತ ಬಳಿಕ ಸ್ವಯಂಸೇವಕರ ಒಂದು ಗುಂಪು ಅದನ್ನು ಮುಂದುವರಿಸಿಕೊಂಡು ಬಂದಿದೆ. ರಸ್ಟ್ ಭಾಷೆಯಲ್ಲಿ ಬರೆದ, ಜಿಪಿಎಲ್ ಪರವಾನಗಿಯ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಿ ಹಂಚಬಹುದಾದ, ಮುಕ್ತ ತಂತ್ರಾಂಶ ಇದು. ಗಿಟ್‌ಹಬ್‌ನಲ್ಲಿ ಉಚಿತವಾಗಿ ಸಿಗುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ.

ಈ ತಂತ್ರಾಂಶ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಳ್ಳದೆ ಬಳಸಿದವರು ನಿರಾಶರಾಗುವ ಸಂಭವವೇ ಹೆಚ್ಚು. ಆಂಡ್ರಾಯ್ಡ್ ಫೋನಿನೊಳಗೆ ಕಂಪನಿ ಮೊದಲೇ ತುಂಬಿಸಿಟ್ಟ ಆ್ಯಪ್‌ಗಳು ಸಿಸ್ಟಮ್ ವಿಭಾಗದಲ್ಲಿ ಇರುತ್ತವೆ. ಆ ವಿಭಾಗವನ್ನು ಓದಬಹುದೇ ಹೊರತು ಬಳಕೆದಾರರು ಅಲ್ಲಿ ಏನನ್ನೂ ಬರೆಯುವಂತಿಲ್ಲ, ಅಳಿಸುವಂತಿಲ್ಲ. ಆದರೆ ಆಂಡ್ರಾಯ್ಡ್ ಪ್ರತಿಯೊಬ್ಬ ಬಳಕೆದಾರನಿಗೂ ಯಾವ ಯಾವ ಆ್ಯಪ್ ಸ್ಥಾಪಿತವಾಗಿದೆ ಎಂಬ ಲೆಕ್ಕವನ್ನು ಬೇರೆ ಬೇರೆಯಾಗಿ ಇಡುತ್ತದೆ, ಮತ್ತು ಫೋನಿನ ಮೊದಲ ಬಳಕೆದಾರನ ಸಂಖ್ಯೆ 0. ಈ 0 ಸಂಖ್ಯೆಯ ಬಳಕೆದಾರನ ಲೆಕ್ಕದಿಂದ ಇಂಥ ಆ್ಯಪನ್ನು ಬಿಡು ಎಂದು ಕಂಪ್ಯೂಟರಿನಿಂದ ಕೇಬಲ್ ಮೂಲಕ ಹೇಳಬಹುದು. ಹೇಳುವ ಸಾಧನದ ಹೆಸರು ಆಂಡ್ರಾಯ್ಡ್ ಡೀಬಗ್ ಬ್ರಿಡ್ಜ್, ಚುಟುಕಾಗಿ ಎಡಿಬಿ. ಆ್ಯಪ್ ತಯಾರಿಸುವವರಿಗಾಗಿ ಗೂಗಲ್ ತಾನೇ ಒದಗಿಸಿರುವಂಥದ್ದು. ಡಿಬ್ಲೋಟರ್ ಈ ಎಡಿಬಿಗೆ ಹಾಕಿದ ಮುಖ ಮಾತ್ರ. ಹೀಗೆ ತೆಗೆದ ಆ್ಯಪ್, ಸಿಸ್ಟಮ್ ಅಪ್‌ಡೇಟ್ ಮರಳಿ ತರದ ಹೊರತು, ಮತ್ತೆ ಏಳುವುದಿಲ್ಲ, ಹಿನ್ನೆಲೆಯಲ್ಲಿ ಓಡುವುದಿಲ್ಲ, ಸೂಚನೆ ಕಳಿಸುವುದಿಲ್ಲ. ಆದರೆ ಅದರ ಮೂಲ ಕಡತ ಸಿಸ್ಟಮ್ ವಿಭಾಗದಲ್ಲಿ ಇದ್ದಲ್ಲೇ ಇರುತ್ತದೆ. ಬೇಕೆಂದಾಗ ಅದನ್ನು ನಿಮಿಷದೊಳಗೆ ಮರಳಿ ತರಲು ಆಗುವುದು ಇದೇ ಕಾರಣಕ್ಕೆ. ಜಾಗ ಹೆಚ್ಚೇನೂ ಉಳಿಯದಿರುವುದಕ್ಕೂ ಇದೇ ಕಾರಣ. ಆ ಆ್ಯಪ್‌ನ ಅಪ್‌ಡೇಟುಗಳೂ ಅದು ಕೂಡಿಟ್ಟ ಮಾಹಿತಿಯೂ ಹಿಡಿದಿದ್ದ ಸ್ಥಳವಷ್ಟೇ ಖಾಲಿಯಾಗುತ್ತದೆ.

ಕೇರಳದ ಶಾಲೆಗಳಲ್ಲಿ, ಅವುಗಳ ತಂತ್ರಜ್ಞಾನದ ಹೊಣೆ ಹೊತ್ತ ಕೈಟ್ ಸಂಸ್ಥೆಯ ಲಿನಕ್ಸ್ ಬಳಕೆಯಲ್ಲಿರುವುದರಿಂದ ಕನ್ನಡ ಮಾಧ್ಯಮದ ಶಿಕ್ಷಕನಾದ ನನಗೆ ಅದು ಚೆನ್ನಾಗಿ ಪಳಗಿದೆ, ಮನೆಯ ಲ್ಯಾಪ್‌ಟಾಪಿನಲ್ಲೂ ಅದನ್ನೇ ಹಾಕಿಕೊಂಡಿದ್ದೇನೆ. ಅದು ಉಬುಂಟುವನ್ನು ಆಧರಿಸಿದ್ದಾದ್ದರಿಂದ ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಆಜ್ಞೆಗೆ ಎಡಿಬಿ ಬಂದು ಕೂರುತ್ತದೆ. ವಿಂಡೋಸ್ ಇರುವವರು ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಎಂಬ ಜಿಪ್ ಕಡತವನ್ನು ಇಳಿಸಿಕೊಳ್ಳಬೇಕು. ಫೋನಿನಲ್ಲಿ ‘ಫೋನ್ ಕುರಿತು’ ಎಂಬಲ್ಲಿಗೆ ಹೋಗಿ ಬಿಲ್ಡ್ ಸಂಖ್ಯೆಯನ್ನು ಏಳು ಬಾರಿ ಮುಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅದರೊಳಗೆ ಯುಎಸ್‌ಬಿ ಡೀಬಗಿಂಗ್ ಎಂಬುದನ್ನು ಚಾಲೂ ಮಾಡಬೇಕು. ನನ್ನ ಅರ್ಧ ಗಂಟೆ ಹಾಳಾದದ್ದು ಕೇಬಲಿನಿಂದ. ಚಾರ್ಜ್ ಮಾಡುವುದಕ್ಕೆ ಮಾತ್ರ ಆಗುವ, ಒಳಗೆ ಡೇಟಾ ತಂತಿಯೇ ಇಲ್ಲದ ಕೇಬಲುಗಳು ಮನೆಯಲ್ಲಿ ಮೂರಿದ್ದವು. ಫೋನ್ ಚಾರ್ಜ್ ಆಗುತ್ತಿದೆ, ಕಂಪ್ಯೂಟರಿಗೆ ಮಾತ್ರ ಕಾಣುತ್ತಿಲ್ಲ ಎಂದಾದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು. ಸರಿಯಾದ ಕೇಬಲ್ ಚುಚ್ಚಿದಾಗ ಈ ಕಂಪ್ಯೂಟರಿಗೆ ಅನುಮತಿ ಕೊಡಬಹುದೇ ಎಂದು ಫೋನಿನ ಪರದೆಯ ಮೇಲೆ ಪ್ರಶ್ನೆ ಬಂತು. ಅಲ್ಲಿ ಒಪ್ಪಿಗೆ ಕೊಡುವವರೆಗೆ ಕಂಪ್ಯೂಟರಿನಿಂದ ಏನನ್ನೂ ಮಾಡಲಾಗುವುದಿಲ್ಲ.

ತಂತ್ರಾಂಶವನ್ನು ತೆರೆದರೆ ಫೋನಿನಲ್ಲಿರುವ ಪ್ಯಾಕೇಜುಗಳ, ಅಂದರೆ ಆ್ಯಪ್‌ಗಳೂ ಹಿನ್ನೆಲೆ ಸೇವೆಗಳೂ ಸೇರಿದ, ಉದ್ದ ಪಟ್ಟಿ ಎದುರಾಗುತ್ತದೆ. ತಂದೆಯವರ ಫೋನಿನಲ್ಲಿ ಮುನ್ನೂರಕ್ಕೂ ಹೆಚ್ಚು ಇದ್ದವು. ಪರದೆಯಲ್ಲಿ ಐಕಾನ್ ಆಗಿ ಕಾಣುವುದು ನಲವತ್ತೋ ಐವತ್ತೋ. ಉಳಿದವೆಲ್ಲ ಒಳಗೊಳಗೇ ಕೆಲಸ ಮಾಡುವಂಥವು, ಹೆಸರು ನೋಡಿದರೆ ಯಾವುದು ಯಾವುದಕ್ಕೆ ಎಂದು ಗೊತ್ತಾಗುವುದಿಲ್ಲ. ಇಲ್ಲಿಯೇ ಈ ತಂತ್ರಾಂಶದ ನಿಜವಾದ ಬೆಲೆ ಇರುವುದು. ತೆಗೆಯುವ ಆಜ್ಞೆಯನ್ನು ಯಾರು ಬೇಕಾದರೂ ಟರ್ಮಿನಲ್‌ನಲ್ಲಿ ಬರೆಯಬಹುದು. ಯಾವುದನ್ನು ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆ ಎಲ್ಲರಿಗೂ ಇರುವುದಿಲ್ಲ. ಸ್ವಯಂಸೇವಕರು ಒಂದೊಂದು ಪ್ಯಾಕೇಜಿನ ಬಗೆಗೂ ಕಲೆಹಾಕಿದ ವಿವರಣೆಯನ್ನು ಈ ತಂತ್ರಾಂಶ ಪಕ್ಕದಲ್ಲೇ ತೋರಿಸುತ್ತದೆ. ಜೊತೆಗೆ ಪ್ಯಾಕೇಜುಗಳನ್ನು ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದೆ: ತೆಗೆದರೆ ತೊಂದರೆಯಿಲ್ಲದವು ರೆಕಮೆಂಡೆಡ್, ಕೆಲವರಿಗೆ ಬೇಕಾಗಬಹುದಾದ ಸೌಲಭ್ಯಕ್ಕೆ ಪೆಟ್ಟು ಬೀಳಬಹುದಾದವು ಅಡ್ವಾನ್ಸ್ಡ್, ಮುಖ್ಯ ಕೆಲಸವೇ ಕೆಡಬಹುದಾದವು ಎಕ್ಸ್‌ಪರ್ಟ್, ತೆಗೆದರೆ ಫೋನ್ ಪ್ರಾರಂಭವೇ ಆಗದೆ ಹೋಗಬಹುದಾದವು ಅನ್‌ಸೇಫ್. ಕಂಪನಿ, ಗೂಗಲ್, ಮೊಬೈಲ್ ಸೇವಾದಾರರು ಎಂದು ಮೂಲದ ಪ್ರಕಾರವೂ ಬೇರ್ಪಡಿಸಿ ನೋಡಬಹುದು.

ನಾನು ಮೊದಲ ಮಟ್ಟವನ್ನು ದಾಟಬಾರದೆಂದು ನಿಶ್ಚಯಿಸಿಕೊಂಡೆ. ಲಾಕ್ ಪರದೆಯ ಚಿತ್ರಮಾಲೆ, ಕಂಪನಿಯ ಸ್ವಂತ ಆ್ಯಪ್ ಅಂಗಡಿ, ಜಾಹೀರಾತು ಒದಗಿಸುವ ಹಿನ್ನೆಲೆ ಸೇವೆ, ಬಳಕೆಯ ಅಂಕಿಅಂಶ ಕಳಿಸುವ ಸೇವೆ, ಆಟಗಳ ಕೇಂದ್ರ, ಎರಡನೆಯ ಬ್ರೌಸರ್ ಹೀಗೆ ಒಂದೊಂದರ ವಿವರಣೆಯನ್ನೂ ಓದಿ 31ನ್ನು ಆರಿಸಿದೆ. ಫೇಸ್‌ಬುಕ್ ಆ್ಯಪನ್ನು ತೆಗೆದವರು ಅದರ ಕಥೆ ಮುಗಿಯಿತೆಂದು ಭಾವಿಸುವುದು ಸಹಜ. ಆದರೆ ಅನೇಕ ಕಂಪನಿಗಳ ಫೋನುಗಳಲ್ಲಿ ಅದರ ಆ್ಯಪ್ ಮ್ಯಾನೇಜರ್, ಸರ್ವಿಸಸ್, ಸಿಸ್ಟಮ್ ಎಂಬ ಮೂರು ಸಹಾಯಕ ಪ್ಯಾಕೇಜುಗಳು ಐಕಾನ್ ಇಲ್ಲದೆ ಒಳಗೆ ಉಳಿದಿರುತ್ತವೆ. ಅವು ಕಣ್ಣಿಗೆ ಬೀಳುವುದು ಇಂಥ ಪಟ್ಟಿಯಲ್ಲೇ. ಆರಿಸಿದ್ದನ್ನೆಲ್ಲ ಒಮ್ಮೆಲೇ ತೆಗೆಯಲು ತಂತ್ರಾಂಶದಲ್ಲಿ ಸೌಕರ್ಯವಿದೆಯಾದರೂ ನಾನು ಐದೈದರಂತೆ ತೆಗೆದು, ಪ್ರತಿ ಬಾರಿಯೂ ಫೋನ್ ರೀಸ್ಟಾರ್ಟ್ ಮಾಡಿ, ಕರೆ, ಸಂದೇಶ, ಕ್ಯಾಮೆರಾ, ವಾಟ್ಸ್‌ಆ್ಯಪ್, ಬ್ಯಾಂಕ್ ಐದೂ ನಡೆಯುತ್ತವೆಯೇ ಎಂದು ನೋಡಿಕೊಂಡೆ. ಎರಡು ಗಂಟೆ ಹಿಡಿಯಿತು. ಏನಾದರೂ ಕೆಟ್ಟರೆ ಯಾವ ಐದರೊಳಗೆ ಕಾರಣವಿದೆ ಎಂದು ತಿಳಿಯುವ ಈ ಕ್ರಮವನ್ನು ನಾನು ಮುಂದೆಯೂ ಬಿಡುವುದಿಲ್ಲ.

ಸಂಜೆಯ ಹೊತ್ತಿಗೆ ಧೈರ್ಯ ಬಂದು ಸೋದರತ್ತೆಯ ಫೋನನ್ನೂ ಕೈಗೆತ್ತಿಕೊಂಡಾಗ ನನ್ನಿಂದ ತಪ್ಪಾಯಿತು. ಅತ್ತೆಗೆ ಕಣ್ಣು ಮಂಜಾಗಿದೆ. ಬಂದ ಸಂದೇಶಗಳನ್ನು ಫೋನೇ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವಂತೆ ಮಗಳು ಹೊಂದಿಸಿಕೊಟ್ಟಿದ್ದಳು. ನಾನು ಎರಡನೆಯ ಮಟ್ಟಕ್ಕೆ ಇಳಿದು, ಗೂಗಲ್‌ನ ಧ್ವನಿ ಸೇವೆ ಯಾರಿಗೆ ಬೇಕು ಎಂದುಕೊಂಡು ಅದನ್ನು ತೆಗೆದುಬಿಟ್ಟೆ. ಮರುದಿನ ಬೆಳಗ್ಗೆ ಅತ್ತೆ ಬೇರೆಯವರ ಫೋನಿನಿಂದ ಕರೆ ಮಾಡಿ, “ಮಗಾ, ನನ್ನ ಫೋನು ಮಾತಾಡುವುದಿಲ್ಲ” ಎಂದರು. ಅಕ್ಷರವನ್ನು ಧ್ವನಿಯಾಗಿಸುವ ಆ ಸೇವೆಯೇ ಕನ್ನಡವನ್ನು ಓದುತ್ತಿದ್ದುದು; ಅದಿಲ್ಲದೆ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಮೂಕವಾಗಿತ್ತು. ಅವರಲ್ಲಿಗೆ ಹೋಗಿ ಕೇಬಲ್ ಚುಚ್ಚಿ, ತೆಗೆದವುಗಳ ಪಟ್ಟಿಯಲ್ಲಿ ಅದನ್ನು ಹುಡುಕಿ, ಮರುಸ್ಥಾಪಿಸುವ ಗುಂಡಿ ಒತ್ತಿದೆ. ಅಪ್‌ಡೇಟ್ ಮತ್ತು ಕನ್ನಡದ ಧ್ವನಿಯನ್ನು ಪುನಃ ಇಳಿಸಿಕೊಳ್ಳಬೇಕಾಯಿತು, ಅಷ್ಟೇ. ಹಿಂದೆ ತರಲು ಸಾಧ್ಯವಿಲ್ಲದ ಸಾಧನವಾಗಿದ್ದರೆ ಅತ್ತೆಯ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಇನ್ನೊಬ್ಬರ ಫೋನಿನಲ್ಲಿ ಏನನ್ನಾದರೂ ತೆಗೆಯುವ ಮುಂಚೆ ಅವರು ಫೋನನ್ನು ಹೇಗೆ ಬಳಸುತ್ತಾರೆ ಎಂದು ಜೊತೆಗೆ ಕುಳಿತು ನೋಡಿಕೊಳ್ಳಬೇಕಿತ್ತು. ಕೀಬೋರ್ಡಿನ ವಿಷಯವೂ ಹೀಗೆಯೇ. ಕನ್ನಡ ಟೈಪ್ ಮಾಡುವ ಬೇರೊಂದು ಕೀಬೋರ್ಡನ್ನು ಹಾಕಿ ಬಳಸಿ ನೋಡದೆ ಇರುವುದನ್ನು ತೆಗೆಯಲೇಬಾರದು. ಅನೇಕ ಆ್ಯಪ್‌ಗಳು ತಮ್ಮೊಳಗೆ ಪುಟಗಳನ್ನು ತೆರೆಯಲು ನೆಚ್ಚಿಕೊಂಡಿರುವ ವೆಬ್‌ವ್ಯೂ, ಮತ್ತು ಹಲವು ಆ್ಯಪ್‌ಗಳಿಗೆ ಆಧಾರವಾದ ಗೂಗಲ್‌ನ ಪ್ಲೇ ಸರ್ವಿಸಸ್, ಇವೆರಡರ ತಂಟೆಗೂ ಹೋಗಬಾರದು.

ತಂತ್ರಾಂಶದ ಕೊರತೆಗಳನ್ನೂ ಹೇಳಬೇಕು. ವಿವರಣೆಗಳೆಲ್ಲ ಇಂಗ್ಲಿಷಿನಲ್ಲಿವೆ. ಅವು ಒಂದೇ ಹದದಲ್ಲೂ ಇಲ್ಲ. ಕೆಲವು ಪ್ಯಾಕೇಜುಗಳಿಗೆ ಹತ್ತು ಸಾಲಿನ ಟಿಪ್ಪಣಿಯಿದ್ದರೆ ಕೆಲವಕ್ಕೆ ಒಂದೇ ಸಾಲು, ಹೊಸ ಮಾದರಿಗಳ ಕೆಲವಕ್ಕೆ ಏನೂ ಇಲ್ಲ. ವಿವರಣೆ ಇಲ್ಲದ್ದನ್ನು ನಾನು ಮುಟ್ಟಲಿಲ್ಲ. ಅನ್‌ಸೇಫ್ ಮಟ್ಟದ್ದೇನನ್ನಾದರೂ ತೆಗೆದು ಫೋನ್ ಪ್ರಾರಂಭವಾಗದೆ ಹೋದರೆ ರಿಕವರಿ ಎಂಬ ತುರ್ತು ಪರದೆಯಿಂದ ಫ್ಯಾಕ್ಟರಿ ರೀಸೆಟ್ ಮಾಡುವುದೊಂದೇ ದಾರಿಯಾಗಬಹುದು. ರೀಸೆಟ್‌ನಿಂದ ಆ್ಯಪ್‌ಗಳು ಮರಳುತ್ತವೆ, ಫೋಟೊಗಳು ಮರಳುವುದಿಲ್ಲ. ಆದ್ದರಿಂದ ಶುರು ಮಾಡುವ ಮೊದಲೇ ಫೋಟೊಗಳನ್ನೂ ವಾಟ್ಸ್‌ಆ್ಯಪ್ ಬ್ಯಾಕಪನ್ನೂ ಬೇರೆಡೆ ಇಟ್ಟುಕೊಳ್ಳುವುದು ಅಗತ್ಯ.

ಎರಡು ತಿಂಗಳಾಯಿತು. ಲಾಕ್ ಪರದೆಯ ಮೇಲೆ ಈಗ ನಮ್ಮ ತೋಟದ ಚಿತ್ರ ಮಾತ್ರ ಇದೆ. ತಾನಾಗಿ ಬರುವ ಆ್ಯಪ್‌ಗಳು ನಿಂತಿವೆ. ಮಧ್ಯಾಹ್ನವೇ ಚಾರ್ಜಿಗೆ ಹಾಕಬೇಕಿದ್ದ ಫೋನ್ ಸಂಜೆಯವರೆಗೆ ಬರುತ್ತದೆ. ವೇಗ ಹೆಚ್ಚಿದೆ ಎಂದು ತಂದೆಯವರು ಹೇಳುತ್ತಾರೆ. ನನಗೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅವರು ಈಗ ಹೆದರದೆ ಫೋನ್ ಮುಟ್ಟುತ್ತಾರೆ ಎಂಬುದೇ ನನಗೆ ದೊಡ್ಡ ಸಮಾಧಾನ. ಹಣ ಕೊಟ್ಟು ಕೊಂಡ ವಸ್ತುವಿನಿಂದ ಬೇಡವಾದುದನ್ನು ತೆಗೆಯಲು ಇಷ್ಟು ಸುತ್ತುದಾರಿ ಬೇಕಾಗಿರುವುದು ಸರಿಯಲ್ಲ ಎಂಬ ಬೇಸರ ಮಾತ್ರ ಹೋಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗ ಆಯೋಗ ಪರಿಶೀಲಿಸಿದ ವಿಷಯಗಳಲ್ಲಿ ಫೋನುಗಳಲ್ಲಿ ಆ್ಯಪ್‌ಗಳನ್ನು ಮೊದಲೇ ತುಂಬಿಸುವ ಷರತ್ತುಗಳೂ ಸೇರಿದ್ದವು. ಯುರೋಪಿನ ಒಕ್ಕೂಟದಲ್ಲಂತೂ ದೊಡ್ಡ ವೇದಿಕೆಗಳ ಮೇಲೆ ಹಿಡಿತವಿರುವ ಕಂಪನಿಗಳು ಇಂಥ ಆ್ಯಪ್‌ಗಳನ್ನು ಸುಲಭವಾಗಿ ತೆಗೆಯಲು ಬಿಡಬೇಕೆಂದು ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ವಿಧಿಸುತ್ತದೆ. ನಮ್ಮ ಊರಿನ ಹಿರಿಯರಿಗೂ ಸೆಟ್ಟಿಂಗ್ಸ್‌ನಲ್ಲೇ ಒಂದು ಗುಂಡಿಯಾಗಿ ಆ ಸೌಲಭ್ಯ ಸಿಗಬೇಕು.

ಕೆಲಸ ಮುಗಿದ ಮೇಲೆ ಯುಎಸ್‌ಬಿ ಡೀಬಗಿಂಗ್ ಆಫ್ ಮಾಡುವುದನ್ನು ಮರೆಯಬಾರದು. ಅದನ್ನು ತೆರೆದಿಡುವುದು ಸುರಕ್ಷಿತವಲ್ಲ. ಬ್ಯಾಂಕಿನ ಕೆಲವು ಆ್ಯಪ್‌ಗಳು ಅದು ಚಾಲೂ ಇದ್ದರೆ ತೆರೆಯುವುದೂ ಇಲ್ಲ. ಕೊಟ್ಟ ಅನುಮತಿಗಳನ್ನು ರದ್ದುಪಡಿಸುವ ಆಯ್ಕೆ ಅದರ ಕೆಳಗೇ ಇದೆ. ತೆಗೆದ 31 ಆ್ಯಪ್‌ಗಳ ಹೆಸರುಗಳನ್ನೂ ಒಂದೊಂದು ಏತಕ್ಕಿತ್ತು ಎಂಬುದನ್ನೂ ಕನ್ನಡದಲ್ಲಿ ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಕಳೆದ ವಾರ ಫೋನಿಗೆ ಸಿಸ್ಟಮ್ ಅಪ್‌ಡೇಟ್ ಬಂದಾಗ ಅವುಗಳಲ್ಲಿ ಎರಡು ಮತ್ತೆ ಕಾಣಿಸಿಕೊಂಡವು. ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಕೇಬಲ್ ಚುಚ್ಚಿ, ಹತ್ತು ನಿಮಿಷದೊಳಗೆ ಎರಡನ್ನೂ ತೆಗೆದೆ.