ಹಳೇ ನ್ಯಾವ್ ಬಿಟ್ಟು ಬಿಸಿನೆಸ್ ಸೆಂಟ್ರಲ್ ಕ್ಲೌಡ್‌ಗೆ ಹೋಗೋರು ಇದನ್ನ ಓದಿ

ನ್ಯಾವ್ ಅಂದ್ರೆ ಕಂಪ್ನಿಯ ಅಕೌಂಟ್ಸ್, ಸ್ಟಾಕ್, ಬಿಲ್ಲಿಂಗ್ ನೋಡ್ಕೊಳ್ಳೋ ಮೈಕ್ರೋಸಾಫ್ಟ್ ಸಾಫ್ಟ್‌ವೇರ್, ಅದರ ಜಾಗಕ್ಕೆ ಬಂದಿರೋದೇ ಬಿಸಿನೆಸ್ ಸೆಂಟ್ರಲ್. ಮೊದ್ಲೇ ಹೇಳ್ಬಿಡ್ತೀನಿ, ಹೊಸ ಸಾಫ್ಟ್‌ವೇರ್ ಚೆನ್ನಾಗಿದೆ, ಧೈರ್ಯವಾಗಿ ತಗೋಬಹುದು. ಆದ್ರೆ ಡೆಮೋ ನೋಡಿ ಖುಷಿಯಾಗಿ ಸೈನ್ ಹಾಕೋ ಮುಂಚೆ ಡೇಟಾ ಬಗ್ಗೆ ಕೆಳಗೆ ಬರ್ದಿರೋದನ್ನ ಓದ್ಕೊಳ್ಳಿ, ಯಾಕಂದ್ರೆ ಈ ಕೆಲ್ಸ ಗೆಲ್ಲೋದೂ ಅಲ್ಲೇ, ಕೆಡೋದೂ ಅಲ್ಲೇ.

ನಮ್ದು ಸ್ಪೇರ್ ಪಾರ್ಟ್ಸ್ ಹೋಲ್‌ಸೇಲ್. ಅಕೌಂಟ್ಸ್, ಸ್ಟಾಕ್ ಎರಡೂ ನಾನೇ ನೋಡ್ಕೊಳ್ತೀನಿ. ಮುಂಚೆ ಮೈಕ್ರೋಸಾಫ್ಟ್ ಡೈನಾಮಿಕ್ಸ್ ನ್ಯಾವ್ ಇತ್ತು, ಆಫೀಸಲ್ಲೇ ಸರ್ವರ್ ಇಟ್ಕೊಂಡು ಓಡಿಸ್ತಿದ್ವಿ. ಕೆಲ್ಸಕ್ಕೇನೂ ತೊಂದ್ರೆ ಇರ್ಲಿಲ್ಲ. ಮತ್ಯಾಕೆ ಬಿಟ್ರಿ ಅಂತ ಕೇಳ್ತೀರಲ್ಲ, ಆ ಹೆಸರಲ್ಲಿ ಬಂದ ಕೊನೇ ವರ್ಷನ್ನೇ ನ್ಯಾವ್ 2018, ಅದರ ಮೇನ್‌ಸ್ಟ್ರೀಮ್ ಸಪೋರ್ಟ್ 2023ರ ಜನವರೀಲೇ ಮುಗ್ದಿದೆ, ಎಕ್ಸ್‌ಟೆಂಡೆಡ್ ಸಪೋರ್ಟ್ (ಬರೀ ಸೆಕ್ಯುರಿಟಿ ರಿಪೇರಿ) ಕೂಡ 2028ರ ಜನವರಿವರೆಗೆ ಅಷ್ಟೇ. ಕೊನೇ ಗಳಿಗೇಲಿ ಓಡೋ ಬದ್ಲು ನಿಧಾನವಾಗಿ ಯೋಚ್ನೆ ಮಾಡಿ ಹೋಗೋದು ವಾಸಿ.

ನ್ಯಾವ್‌ಗೂ ಬಿಸಿನೆಸ್ ಸೆಂಟ್ರಲ್‌ಗೂ ಇರೋ ದೊಡ್ಡ ವ್ಯತ್ಯಾಸ ಸ್ಕ್ರೀನಲ್ಲಿ ಕಾಣಲ್ಲ. ನ್ಯಾವ್‌ನಲ್ಲಿ ಮೂಲ ಕೋಡ್‌ನೊಳಗೇ ಕೈ ಹಾಕಿ ಬೇಕಾದಂಗೆ ಬದಲಾಯಿಸ್ಬಹುದಿತ್ತು, ಎಲ್ರೂ ಹಂಗೇ ಮಾಡ್ಕೊಂಡಿದ್ರು. ಕ್ಲೌಡ್‌ನಲ್ಲಿ ಮೂಲ ಕೋಡ್ ಮುಟ್ಟೋ ಹಾಗೇ ಇಲ್ಲ, ಏನಿದ್ರೂ ಎಎಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಎಕ್ಸ್‌ಟೆನ್ಶನ್ (ಸೇರ್ಪಡೆ ಕೋಡ್) ಬರ್ದು ಪಕ್ಕದಲ್ಲಿ ಕೂರಿಸ್ಬೇಕು. ಯಾಕಂದ್ರೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತೆ ಅಕ್ಟೋಬರ್‌ನಲ್ಲಿ ದೊಡ್ಡ ಅಪ್‌ಡೇಟ್ ಬರುತ್ತೆ. ಕೊಟ್ಟಿರೋ ಅವಧಿ ಒಳಗೆ ದಿನ ನೀವೇ ಆರಿಸ್ಕೋಬಹುದು, ಬೇಡವೇ ಬೇಡ ಅನ್ನೋಕಾಗಲ್ಲ. ಎಕ್ಸ್‌ಟೆನ್ಶನ್ ಎಷ್ಟು ಜಾಸ್ತಿ ಇಟ್ಕೊಳ್ತೀರೋ, ಪ್ರತಿ ಅಪ್‌ಡೇಟಿಗೂ ಅಷ್ಟನ್ನೂ ಟೆಸ್ಟ್ ಮಾಡ್ಬೇಕು. ನಮ್ಗೆ ಮೈಗ್ರೇಶನ್ ಮಾಡಿಕೊಟ್ಟ ಪಾರ್ಟ್ನರ್ ಕಂಪ್ನಿಯವ್ರು (ಹೆಸ್ರು ಹಾಕಲ್ಲ) ಹಳೇದರಲ್ಲಿ ಇದ್ದಬದ್ದ ಕಸ್ಟಮೈಸೇಶನ್ ಎಲ್ಲಾ ಹಾಗೇ ಕನ್ವರ್ಟ್ ಮಾಡ್ತೀವಿ ಅಂತ ಕೊಟೇಶನ್ ಕೊಟ್ಟಿದ್ರು. ನಾವು ಒಪ್ಲಿಲ್ಲ. ಒಂದೊಂದನ್ನೂ ತೆಗ್ದು ಇದನ್ನ ಈಗ ಯಾರು ಬಳಸ್ತಾರೆ ಅಂತ ಕೇಳ್ಕೊಂಡ್ ಹೋದ್ವಿ. ಕೆಲಸ ಬಿಟ್ಟು ಹೋಗಿರೋ ಮ್ಯಾನೇಜರ್ ಒಬ್ರಿಗೋಸ್ಕರ ಮಾಡಿದ್ದ ರಿಪೋರ್ಟ್‌ಗಳೇ ಎಷ್ಟೋ ಇದ್ವು. ಕ್ರೆಡಿಟ್ ಲಿಮಿಟ್ ದಾಟಿದ್ರೆ ಅಪ್ರೂವಲ್ ಕೇಳೋ ವ್ಯವಸ್ಥೆ ಮುಂಚೆ ಕಾಸು ಕೊಟ್ಟು ಬರೆಸಿದ್ದು, ಈಗ ಅದು ಸ್ಟ್ಯಾಂಡರ್ಡ್ ವರ್ಕ್‌ಫ್ಲೋ ಆಗೇ ಸಿಗುತ್ತೆ. ಕೊನೆಗೆ ಉಳ್ಸ್ಕೊಂಡಿದ್ದು ತುಂಬಾ ಕಮ್ಮಿ.

ಈಗ ಡೇಟಾಗೆ ಬರ್ತೀನಿ. ಇಲ್ಲಿ ಪಾರ್ಟ್ನರ್ ಮಾತು ಕೇಳಿ ಸುಮ್ನೆ ತಲೆ ಆಡಿಸ್ಬೇಡಿ. ಅವ್ರು ಹೇಳಿದ್ದು, ಪ್ರತಿ ಕಸ್ಟಮರ್‌ಗೂ ಒಂದೇ ಒಂದು ಓಪನಿಂಗ್ ಬ್ಯಾಲೆನ್ಸ್ (ಹಳೇ ಬಾಕಿಯ ಒಟ್ಟು ಮೊತ್ತ) ಲೈನ್ ಹಾಕಿ ಮುಗಿಸೋಣ ಅಂತ. ಅವ್ರಿಗೆ ಸುಲಭ, ಆದ್ರೆ ನಾಳೆ ಬೆಳಿಗ್ಗೆ ವಸೂಲಿಗೆ ಕೂರೋರಿಗೆ ಯಾವ ಬಿಲ್ಲು ಯಾವತ್ತಿಂದು ಅಂತ ಗೊತ್ತಾಗಲ್ಲ, ಯಾವ ಬಾಕಿ ಎಷ್ಟು ಹಳೇದು ಅಂತ ತೋರಿಸೋ ಏಜಿಂಗ್ ರಿಪೋರ್ಟ್‌ನಲ್ಲಿ ಎಲ್ಲಾ ಬಾಕಿನೂ ಒಂದೇ ತಾರೀಕಿಂದು ಅಂತ ತೋರಿಸುತ್ತೆ, ಪೇಮೆಂಟ್ ಬಂದ್ರೆ ಯಾವ ಬಿಲ್ಲಿಗೆ ಹೊಂದಿಸೋದು? ಅದಕ್ಕೇ ಬಾಕಿ ಇರೋ ಒಂದೊಂದು ಇನ್ವಾಯ್ಸನ್ನೂ ಅದರದೇ ನಂಬರ್, ಅದರದೇ ಡ್ಯೂ ಡೇಟ್ ಜೊತೆ ತರ್ಬೇಕು ಅಂತ ಪಟ್ಟು ಹಿಡಿದ್ವಿ. ಹಾಗೆ ತಂದಾಗ ಒಂದು ವಿಷ್ಯ ನೆನಪಿಟ್ಕೊಳ್ಳಿ, ಇನ್ವಾಯ್ಸ್ ಪೋಸ್ಟ್ ಆದ ತಕ್ಷಣ ಸಾಲಗಾರರ ಕಂಟ್ರೋಲ್ ಅಕೌಂಟಿಗೂ (ಕಸ್ಟಮರ್‌ಗಳಿಂದ ಬರ್ಬೇಕಾದ ಒಟ್ಟು ಬಾಕಿಯ ಲೆಕ್ಕ) ಎಂಟ್ರಿ ಬೀಳುತ್ತೆ, ಆಮೇಲೆ ಟ್ರಯಲ್ ಬ್ಯಾಲೆನ್ಸ್ (ಎಲ್ಲಾ ಅಕೌಂಟುಗಳ ಬಾಕಿ ಪಟ್ಟಿ) ಬೇರೆ ಹಾಕಿದ್ರೆ ಮೊತ್ತ ಡಬಲ್ ಆಗುತ್ತೆ. ಅದಕ್ಕೆ ಮಧ್ಯೆ ಒಂದು ಕ್ಲಿಯರಿಂಗ್ ಅಕೌಂಟ್ (ತಾತ್ಕಾಲಿಕ ಲೆಕ್ಕ) ಇಟ್ಟು, ಇನ್ವಾಯ್ಸಿನ ಎದುರು ಎಂಟ್ರಿನೂ ಟ್ರಯಲ್ ಬ್ಯಾಲೆನ್ಸಲ್ಲಿರೋ ಕಸ್ಟಮರ್ ಬಾಕಿನೂ ಅದಕ್ಕೇ ಹಾಕ್ಬೇಕು, ಎಲ್ಲಾ ಮುಗಿದ ಮೇಲೆ ಆ ಅಕೌಂಟು ಸೊನ್ನೆ ಆಗ್ಬೇಕು. ಒಂದು ಪೈಸೆ ಉಳಿದ್ರೂ ಮುಂದೆ ಹೋಗ್ಬೇಡಿ.

ಸ್ಟಾಕ್‌ಗೂ ಇದೇ ಮಾತು. ಫೈಫೋ ಪದ್ಧತಿ (ಮೊದ್ಲು ತಂದಿದ್ದೇ ಮೊದ್ಲು ಖರ್ಚಾಯ್ತು ಅಂತ ಲೆಕ್ಕ ಹಾಕೋದು) ಇದ್ರೆ ಒಂದು ಐಟಮ್‌ನ ಎಲ್ಲಾ ಸ್ಟಾಕನ್ನೂ ಸರಾಸರಿ ರೇಟಲ್ಲಿ ಒಂದೇ ಲೈನಾಗಿ ಹಾಕ್ಬೇಡಿ, ಬೇರೆಬೇರೆ ರೇಟಲ್ಲಿ ತಂದಿದ್ದಕ್ಕೆ ಬೇರೆಬೇರೆ ಲೈನ್ ಹಾಕಿ, ಇಲ್ದಿದ್ರೆ ಮುಂದೆ ಮಾರೋ ಒಂದೊಂದು ಪೀಸಿನ ಲಾಭದ ಲೆಕ್ಕನೂ ತಪ್ಪು ಬರುತ್ತೆ.

ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ. ಕಾನ್ಫಿಗರೇಶನ್ ಪ್ಯಾಕೇಜ್ ಅಂತ ಇದೆ, ಐಟಮ್ ಕಸ್ಟಮರ್ ಎಲ್ಲಾ ಎಕ್ಸೆಲಲ್ಲಿ ತುಂಬಿ ಅಪ್‌ಲೋಡ್ ಮಾಡೋದು, ನಿಜಕ್ಕೂ ಒಳ್ಳೇ ಸೌಲಭ್ಯ. ಆದ್ರೆ ಪಾರ್ಟ್ ನಂಬರ್ 00745 ಅಂತಿದ್ರೆ, ಕಾಲಮ್ಮನ್ನ ಟೆಕ್ಸ್ಟ್ ಮಾಡ್ದೆ ಪೇಸ್ಟ್ ಮಾಡಿದ್ರೆ ಅದು 745 ಆಗುತ್ತೆ, 3-12 ಅನ್ನೋ ನಂಬರ್ ತಾರೀಕಾಗಿ ಕೂತ್ಕೊಳ್ಳುತ್ತೆ. ಗೋಡೌನಲ್ಲಿ ಡಬ್ಬದ ಮೇಲೆ ಒಂದು ನಂಬರ್, ಸಿಸ್ಟಮಲ್ಲಿ ಇನ್ನೊಂದು. ನಮ್ ಸ್ಟೋರ್ಸ್ ನೋಡ್ಕೊಳ್ಳೋ ಹುಡ್ಗ ಅಪ್‌ಲೋಡ್ ಆಗೋ ಮುಂಚೆ ಇಡೀ ಪಟ್ಟೀನ ರ‍್ಯಾಕ್ ಮುಂದೆ ನಿಂತು ಡಬ್ಬದ ಲೇಬಲ್ ಜೊತೆ ಒಂದೊಂದಾಗಿ ತಾಳೆ ನೋಡ್ದ, ಈ ಇಡೀ ಪ್ರಾಜೆಕ್ಟಲ್ಲಿ ಅವನು ಮಾಡಿದ ಕೆಲ್ಸಕ್ಕೆ ಬೆಲೆ ಕಟ್ಟೋಕಾಗಲ್ಲ. ಹೋಸ್ ಪೈಪ್ ಥರ ರೋಲಲ್ಲಿ ತಂದು ಮೀಟರಲ್ಲಿ ಮಾರೋದಿದ್ರೆ ಒಂದು ರೋಲಿಗೆ ಎಷ್ಟು ಮೀಟರ್ ಅನ್ನೋದನ್ನೂ ಆಗ್ಲೇ ಸರಿಮಾಡ್ಕೊಳ್ಳಿ, ಎಂಟ್ರಿಗಳು ಬಿದ್ದ ಮೇಲೆ ಬದಲಾಯಿಸೋದು ದೊಡ್ಡ ತಲೆನೋವು.

ಸ್ಯಾಂಡ್‌ಬಾಕ್ಸ್ ಅಂತ ಪ್ರತ್ಯೇಕ ಕಾಪಿ ಸಿಗುತ್ತೆ, ಇಡೀ ಬದಲಾವಣೇನ ಅದರಲ್ಲಿ ಪೂರ್ತಿ ಮಾಡಿ ನೋಡದೆ ಲೈವ್ ಹೋಗ್ಬೇಡಿ. ಟ್ರಯಲ್ ಬ್ಯಾಲೆನ್ಸ್, ಏಜಿಂಗ್ ಮೊತ್ತ, ಸ್ಟಾಕ್ ವ್ಯಾಲ್ಯೂ ಈ ಮೂರೂ ಹಳೇದ್ರ ಜೊತೆ ತಾಳೆ ಆಗ್ಬೇಕು, ಸಹಿ ಹಾಕೋರು ನಿಮ್ಮ ಅಕೌಂಟ್ಸ್‌ನವ್ರೇ ಆಗಿರ್ಬೇಕು, ಪಾರ್ಟ್ನರ್ ಅಲ್ಲ.

ಬಳಸೋಕೆ ಹೇಗಿದೆ? ಬ್ರೌಸರಲ್ಲೇ ಎಲ್ಲಾ. ಪೋಸ್ಟ್ ಮಾಡೋಕೆ ಎಫ್9, ಮೇಲಿನ ಸಾಲಿಂದ ಕಾಪಿಗೆ ಎಫ್8, ಹಳೇ ಕೈ ಅಭ್ಯಾಸ ಹೋಗಿಲ್ಲ, ಅದಕ್ಕೇ ಬಿಲ್ಲಿಂಗ್‌ನವ್ರು ಬೇಗ ಹೊಂದ್ಕೊಂಡ್ರು. ಸಿಸ್ಟಮ್ ಪಟ್ಟೀನ ಎಕ್ಸೆಲಲ್ಲೇ ತೆಗ್ದು ತಿದ್ದೋ ಎಡಿಟ್ ಇನ್ ಎಕ್ಸೆಲ್ ನನ್ಗೆ ತುಂಬಾ ಇಷ್ಟ, ರೇಟ್ ಬದಲಾವಣೆ ಎಲ್ಲಾ ಅಲ್ಲೇ ಮುಗಿಯುತ್ತೆ. ಬ್ಯಾಕಪ್ ಟೇಪು, ಸರ್ವರ್ ಏಸಿ ಅಂತ ಚಿಂತೆ ಇಲ್ಲ.

ಇನ್ನು ಗೊತ್ತಿರ್ಲೇಬೇಕಾದ ಮಿತಿಗಳು. ಕ್ಲೌಡ್ ವರ್ಷನ್‌ನಲ್ಲಿ ಎಸ್‌ಕ್ಯೂಎಲ್ ಡೇಟಾಬೇಸಿಗೆ ನೇರ ಪ್ರವೇಶ ಇಲ್ಲ, ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಡೇಟಾ ಕೇಳಿ ಪಡೆಯೋ ದಾರಿ) ಮೂಲಕವೇ ಹೋಗ್ಬೇಕು, ಹಾಗಾಗಿ ಡೇಟಾಬೇಸಿಂದ ನೇರ ಎಳೀತಿದ್ದ ಹಳೇ ರಿಪೋರ್ಟೆಲ್ಲಾ ಹೊಸದಾಗಿ ಮಾಡಿಸ್ಬೇಕು. ಪ್ರಿಂಟ್ ಕೊಟ್ರೆ ಸಾಮಾನ್ಯವಾಗಿ ಪಿಡಿಎಫ್ ಆಗಿ ಬ್ರೌಸರಿಗೆ ಬರುತ್ತೆ, ಗೋಡೌನ್ ಲೇಬಲ್ ಪ್ರಿಂಟರಿಗೆ ನೇರ ಹೋಗ್ಬೇಕಂದ್ರೆ ಯೂನಿವರ್ಸಲ್ ಪ್ರಿಂಟ್ (ಮೈಕ್ರೋಸಾಫ್ಟಿನ ಕ್ಲೌಡ್ ಪ್ರಿಂಟ್ ಸೇವೆ) ಥರ ಬೇರೆ ಏರ್ಪಾಡು ಬೇಕು, ಇದನ್ನ ಶುರುವಲ್ಲೇ ಕೇಳಿ. ಇಂಟರ್ನೆಟ್ ಹೋದ್ರೆ ಬಿಲ್ಲಿಂಗ್ ನಿಲ್ಲುತ್ತೆ, ಎರಡನೇ ಲೈನ್ ಹಾಕಿಸ್ಕೊಳ್ಳಿ.

ಹಳೇ ವರ್ಷಗಳ ವಹಿವಾಟನ್ನ ನಾವು ತರ್ಲಿಲ್ಲ. ಹಳೇ ನ್ಯಾವನ್ನ ಬರೀ ಓದೋಕೆ ಮಾತ್ರ ಇಟ್ಕೊಂಡಿದೀವಿ, ಆಡಿಟರ್ ಕೇಳಿದ್ರೆ ತೆಗ್ದು ತೋರಿಸ್ತೀವಿ.

ಪ್ರಾಡಕ್ಟಿಗೆ ಐದಕ್ಕೆ ನಾಲ್ಕೂವರೆ. ಪಾರ್ಟ್ನರಿಗೆ ಮೂರು, ಯಾಕಂದ್ರೆ ಲೈವ್ ಆದ್ಮೇಲೆ ಮೊದಲ ತಿಂಗಳ ಕ್ಲೋಸಿಂಗ್ (ತಿಂಗಳ ಲೆಕ್ಕ ಮುಗಿಸೋದು) ಹೊತ್ತಿಗೆ ಫೋನಲ್ಲೇ ಸಿಗೋದು ಕಷ್ಟ ಆಯ್ತು. ಆ ಮೊದಲ ಕ್ಲೋಸಿಂಗ್ ಮುಗಿಯೋವರೆಗೂ ಕನ್ಸಲ್ಟೆಂಟ್ ನಿಮ್ ಆಫೀಸಲ್ಲೇ ಕೂತಿರ್ಬೇಕು ಅಂತ ಅಗ್ರಿಮೆಂಟಲ್ಲೇ ಬರೆಸಿ, ಕೊನೇ ಕಂತಿನ ದುಡ್ಡು ಆಮೇಲೆ ಕೊಡಿ.