ಜೀರಿಗೆ ಮಿಡಿ: ನರ್ಸರಿ ಕಸಿಯೋ, ಮನೆಯಲ್ಲೇ ಕಟ್ಟಿದ್ದೋ?

ಮೊದಲೇ ಹೇಳಿಬಿಡುತ್ತೇನೆ, ಉಪ್ಪಿನಕಾಯಿಗೆ ಹಾಕುವ ಈ ಜೀರಿಗೆ ಪರಿಮಳದ ಮಾವಿನ ವಿಷಯದಲ್ಲಿ ನನ್ನ ಓಟು ಮನೆಯಲ್ಲೇ ಕಟ್ಟಿದ ಕಸಿಗೆ. ಕಾರಣ, ನರ್ಸರಿಯಿಂದ ತಂದ ಒಂದು ಗಿಡ.

ಐದು ವರ್ಷದ ಹಿಂದೆ ಜೀರಿಗೆ ಅಪ್ಪೆಮಿಡಿ ಅಂತ 180 ರೂಪಾಯಿ ಕೊಟ್ಟು ತಂದು ಹಿತ್ತಲಲ್ಲಿ ನೆಟ್ಟೆ. ಎರಡೇ ಮಳೆಗಾಲಕ್ಕೆ ಆಳೆತ್ತರ ಬಂತು. ಒಂದು ದಿನ ಅತ್ತೆ ಎಲೆ ಕಿವುಚಿ ಮೂಸಿ, "ಇದರಲ್ಲಿ ಜೀರಿಗೆ ಪರಿಮಳವೇ ಇಲ್ಲವಲ್ಲೇ" ಅಂದರು. ಬುಡ ಕೆದಕಿ ನೋಡಿದರೆ ಕಸಿಯ ಗಂಟು, ಅಂದರೆ ಬುಡದ ಕಾಟು (ಕಾಡು) ಮಾವಿನ ಸಸಿಗೆ ಜೀರಿಗೆ ಮರದ ಕಡ್ಡಿ ಕೂಡಿಸಿದ ಜಾಗ, ಮಣ್ಣಿನೊಳಗೆ. ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿ ಕಾಂಡವನ್ನು ಕೊರೆದುಕೊಂಡು ಹಾಗೇ ಇತ್ತು. ಕಸಿ ಕಡ್ಡಿ ಯಾವತ್ತೋ ಒಣಗಿ, ಬೆರಳುದ್ದದ ಮೋಟು ಮಾತ್ರ ಉಳಿದಿತ್ತು. ಅದರ ಕೆಳಗಿಂದ ಎದ್ದ ಕಾಟುಮಾವಿನ ಚಿಗುರಿಗೆ ನಾನು ಎರಡು ವರ್ಷ ಸಗಣಿ ಗೊಬ್ಬರ ಹಾಕಿ ಸಾಕಿದ್ದೆ! ಪೂರ್ತಿ ನರ್ಸರಿಯವರ ತಪ್ಪು ಅಂತಲ್ಲ. ನೆಡುವಾಗ ಗಂಟು ಮಣ್ಣಿನ ಮೇಲಿರಬೇಕು, ಕೂಡಿಕೊಂಡ ಮೇಲೆ ಪಟ್ಟಿ ಬಿಚ್ಚಬೇಕು, ಗಂಟಿನ ಕೆಳಗೆ ಬಂದ ಚಿಗುರು ಚಿವುಟುತ್ತಲೇ ಇರಬೇಕು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಾಟೆ ಕಸಿಯನ್ನೂ ಮಾಡಿ ನೋಡಿದೆ, ಮಾವಿನ ವಾಟೆ (ಗೊರಟೆ) ಮೊಳೆತು ಹದಿನೈದು ದಿನವಾದ ಸಸಿಗೆ. ಹತ್ತರಲ್ಲಿ ಏಳು ಮಳೆಗೆ ಕೊಳೆತವು. ಸಾಕಾಯಿತು.

ಕಡೆಗೆ ಕೈಹಿಡಿದದ್ದು ಮೃದು ಕಾಂಡದ ಕಸಿ, ಅದೂ ಅದೇ ಕಾಟುಮರದ ಮೇಲೆ! ಬೇಸಿಗೆಯಲ್ಲಿ ಅದನ್ನು ಸೊಂಟದೆತ್ತರಕ್ಕೆ ಕತ್ತರಿಸಿದೆ. ಜೂನ್ ಹೊತ್ತಿಗೆ ತಾಮ್ರದ ಬಣ್ಣದ ಹೊಸ ಚಿಗುರು ಬಂತು. ಪಕ್ಕದ ಮನೆಯ ಜೀರಿಗೆ ಮರದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ಗುರುತು ಮಾಡಿ, ತೊಟ್ಟು ಬಿಟ್ಟು ಎಲೆ ಕತ್ತರಿಸಿದೆ. ಹತ್ತು ದಿನಕ್ಕೆ ತೊಟ್ಟು ಮುಟ್ಟಿದರೆ ಉದುರುತ್ತಿತ್ತು, ತುದಿಮೊಗ್ಗು ಉಬ್ಬಿತ್ತು. ಆಗಲೇ ಕೊಯ್ಯಬೇಕು. ಶೇವಿಂಗ್ ಬ್ಲೇಡಿನಲ್ಲಿ ಬೆಣೆಯ ಹಾಗೆ ಹೆರೆದು, ಸೀಳಿದ ಚಿಗುರಿನೊಳಗೆ ಕೂರಿಸಿ, ಪಟ್ಟಿ ಬಿಗಿದು, ಮೇಲೆ ಐಸ್ ಕ್ಯಾಂಡಿ ಕವರ್ ಟೋಪಿ. ದಪ್ಪ ಹೆಚ್ಚುಕಮ್ಮಿ ಇದ್ದರೆ ಒಂದು ಬದಿಯ ಸಿಪ್ಪೆಯಾದರೂ ಸರಿಯಾಗಿ ಕೂಡಬೇಕು. ಆರರಲ್ಲಿ ನಾಲ್ಕು ಮೂರು ವಾರಕ್ಕೆ ಚಿಗುರಿದವು. ಈ ವರ್ಷ ಹನ್ನೊಂದು ಮಿಡಿ ನಿಂತವು. ತೊಟ್ಟು ಮುರಿದರೆ ಸೊನೆಯಲ್ಲೇ ಘಮ್ ಅನ್ನುತ್ತದೆ.

ಖರ್ಚು? ಬ್ಲೇಡು, ಕವರ್, ಅಷ್ಟೇ.

ನಾನು ದಿನಾ ಬೆಳಿಗ್ಗೆ ಹೂ ಕೊಯ್ಯಲು ಹಿತ್ತಲಿಗೆ ಹೋಗುವವಳು, ಕಾಟು ಚಿಗುರು ಚಿವುಟುವುದು ಭಾರವಲ್ಲ. ತಿಂಗಳಿಗೊಮ್ಮೆ ಊರಿಗೆ ಬರುವವರು, ಹತ್ತಿರದಲ್ಲಿ ಒಳ್ಳೆ ಮರ ಇಲ್ಲದವರು ಸುಮ್ನೆ ನರ್ಸರಿ ಗಿಡವನ್ನೇ ತನ್ನಿ. ದುಡ್ಡು ಕೊಡುವ ಮೊದಲು ಗಂಟಿನ ಮೇಲಿನ ಒಂದು ಎಲೆ ಕಿವುಚಿ ಮೂಸಿ.